ವೋಟಿಲ್ಲದವರಿಗೂ ಒಬ್ಬ ಕಾಂಗ್ರೆಸ್‌ಮನ್

ಓದು ಮುಗಿಸಿ ಓಪಿಟಿಗೆ, ಅಂದರೆ ವಿದೇಶಿ ವಿದ್ಯಾರ್ಥಿಗಳು ಅಮೆರಿಕದಲ್ಲಿ ಸ್ವಲ್ಪ ಕಾಲ ಕೆಲಸ ಮಾಡಲು ಸಿಗುವ ಅನುಮತಿಗೆ, ಅರ್ಜಿ ಹಾಕಿದ್ದೀರಿ, ಕೆಲಸ ಸಿಕ್ಕಿದೆ, ಆದರೆ ಅನುಮತಿಯ ಕಾರ್ಡು ಮಾತ್ರ ಬಂದಿಲ್ಲ. ಯಾರೋ ನಿಮಗೆ "ಕಾಂಗ್ರೆಸ್‌ಮನ್ ಆಫೀಸಿಗೆ ಬರೆಯಿರಿ" ಅಂದರಂತೆ. ಕಾಂಗ್ರೆಸ್‌ಮನ್ ಅಂದರೆ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ನಿಮ್ಮ ಕ್ಷೇತ್ರದ ಪ್ರತಿನಿಧಿ. "ವೋಟೇ ಇಲ್ಲದ ನನ್ನನ್ನು ಅವರು ಯಾಕೆ ಮೂಸಿ ನೋಡ್ತಾರೆ?" ಅಂತ ಕೇಳಿದ್ದೀರಿ. ನೋಡ್ತಾರೆ, ಬರೆಯಿರಿ. ಅದಕ್ಕೆ ಮುಂಚೆ ನ್ಯೂಯಾರ್ಕಿನ ಒಬ್ಬ ಹಳೇ ಕಾಂಗ್ರೆಸ್‌ಮನ್ ವಿಷಯ ಹೇಳುತ್ತೇನೆ, ಓದಿ. ನೀವೂ ನಾನೂ ಇಲ್ಲಿರುವುದರಲ್ಲಿ ಅವರ ಪಾಲು ದೊಡ್ಡದು.

ಹೆಸರು ಇಮಾನ್ಯುಯೆಲ್ ಸೆಲ್ಲರ್. 1888ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು, ಯಹೂದಿ ಮನೆತನ. ಅಪ್ಪನದು ವಿಸ್ಕಿ ವ್ಯಾಪಾರ, ಮನೆಯ ನೆಲಮಾಳಿಗೆಯಲ್ಲೇ ವಿಸ್ಕಿ ಇಟ್ಟಿದ್ದರು. ವ್ಯಾಪಾರ ಮುಳುಗಿದ ಮೇಲೆ ಅಪ್ಪ ಮನೆಮನೆಗೆ ಹೋಗಿ ವೈನ್ ಮಾರಿದರು. ಮಗ ಕೊಲಂಬಿಯಾದಲ್ಲಿ ಓದುವಾಗ ಅಪ್ಪ ತೀರಿಕೊಂಡರು, ಕೆಲವೇ ತಿಂಗಳಲ್ಲಿ ಅಮ್ಮನೂ ಹೋದರು. ಹುಡುಗ ಬೆಳಿಗ್ಗೆ ಕ್ಲಾಸಿಗೆ ಹೋಗುವುದು, ಮಧ್ಯಾಹ್ನದಿಂದ ಅಪ್ಪನ ಗಿರಾಕಿಗಳಿಗೆ ವೈನ್ ಮಾರುವುದು. ಹಾಗೇ ಲಾ ಮುಗಿಸಿ ವಕೀಲರಾದರು. 1922ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದರು.

ಅವರು ಒಳಗೆ ಕಾಲಿಟ್ಟಾಗ ನಮ್ಮವರಿಗೆ ಬಾಗಿಲು ಪೂರ್ತಿ ಮುಚ್ಚಿತ್ತು. 1917ರ ಕಾನೂನು ಇಂಡಿಯಾದವರು ವಲಸೆ ಬರುವುದನ್ನೇ ತಡೆದಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಇಂಡಿಯಾದವರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಎಂದುಬಿಟ್ಟಿತು. ಮಾರನೇ ವರ್ಷ ವಾಷಿಂಗ್ಟನ್ ರಾಜ್ಯದ ಆಲ್ಬರ್ಟ್ ಜಾನ್ಸನ್ ಎಂಬ ಕಾಂಗ್ರೆಸ್‌ಮನ್ ಇನ್ನೊಂದು ಮಸೂದೆ ತಂದರು. ಪತ್ರಿಕೆ ಸಂಪಾದಕರಾಗಿದ್ದು ರಾಜಕೀಯಕ್ಕೆ ಬಂದವರು, ವಲಸೆ ಸಮಿತಿಗೆ ಅಧ್ಯಕ್ಷರು. ಒಂದೊಂದು ದೇಶದಲ್ಲಿ ಹುಟ್ಟಿದವರು 1890ರಲ್ಲಿ ಅಮೆರಿಕದಲ್ಲಿ ಎಷ್ಟಿದ್ದರೋ ಅದರ ಶೇಕಡ 2ರಷ್ಟು ಜನರಿಗೆ ಮಾತ್ರ ವರ್ಷಕ್ಕೆ ಅವಕಾಶ ಎಂದು ಅದರಲ್ಲಿತ್ತು. 1920ರ ಜನಗಣತಿ ಇದ್ದೂ 1890ರದ್ದೇ ಯಾಕೆ? ಇಟಲಿಯವರು, ಪೋಲೆಂಡಿನವರು, ಪೂರ್ವ ಯೂರೋಪಿನ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಅದಾದ ಮೇಲೆ. ಅಂಕಿ ಹಿಡಿದುಕೊಂಡು ಆಡಿದ ಆಟ, ಅಷ್ಟೇ. ಸೆಲ್ಲರ್ ಅವರ ಕ್ಷೇತ್ರದ ತುಂಬ ಅಂಥ ಜನರೇ ಇದ್ದರು. ಎದ್ದು ನಿಂತು ವಿರೋಧಿಸಿದರು. ಮಸೂದೆ ಸಲೀಸಾಗಿ ಪಾಸಾಯಿತು.

ಅವರು ಬಿಡಲಿಲ್ಲ. 1946ರಲ್ಲಿ ಕ್ಲೇರ್ ಬೂತ್ ಲೂಸ್ ಎಂಬ ರಿಪಬ್ಲಿಕನ್ ಮಹಿಳೆಯ ಜೊತೆ ಸೇರಿ ಲೂಸ್-ಸೆಲ್ಲರ್ ಕಾಯಿದೆ ಮಾಡಿಸಿದರು. ಇಂಡಿಯಾಕ್ಕೆ ವರ್ಷಕ್ಕೆ 100 ಜನರ ಕೋಟಾ! ನಮ್ಮ ಕನ್ನಡ ಕೂಟದ ಯುಗಾದಿ ಊಟಕ್ಕೇ ಅದಕ್ಕಿಂತ ಜಾಸ್ತಿ ಜನ ಸೇರುತ್ತಾರೆ. ಆದರೆ ಅದೇ ಕಾಯಿದೆಯಿಂದ ಆಗಲೇ ಇಲ್ಲಿದ್ದವರಿಗೆ ಪೌರತ್ವ ಪಡೆಯುವ ದಾರಿ ತೆರೆಯಿತು. ಪಂಜಾಬಿನಿಂದ ಬಂದಿದ್ದ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪ್ರಜೆಯಾದರು. 1956ರಲ್ಲಿ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೇ ಗೆದ್ದುಬಂದರು.

1965ರಲ್ಲಿ ಹಾರ್ಟ್-ಸೆಲ್ಲರ್ ಕಾಯಿದೆ ಬಂದು 1924ರ ಕೋಟಾ ಪದ್ಧತಿ ಹೋಯಿತು. ಆ ಮೊದಲ ವಿರೋಧದಿಂದ ಇಲ್ಲಿಗೆ 41 ವರ್ಷ. ಇಲ್ಲೊಂದು ತಮಾಷೆ ಇದೆ. ಏಷ್ಯಾದವರಿಗೆ ಇಲ್ಲಿ ನೆಂಟರಿಷ್ಟರು ಕಡಿಮೆ, ಹಾಗಾಗಿ ಹೆಚ್ಚು ಜನ ಬರುವುದಿಲ್ಲ ಎಂದು ಸೆಲ್ಲರ್ ಅವರೇ ಸದನದಲ್ಲಿ ಭರವಸೆ ಕೊಟ್ಟಿದ್ದರು. ಆ ಲೆಕ್ಕ ಹೇಗೆ ತಲೆಕೆಳಗಾಯಿತು ಅಂತ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಮ್ಮವರ ಅಂಗಡಿಗಳೇ ತುಂಬಿರುವ ಓಕ್ ಟ್ರೀ ರಸ್ತೆಯಲ್ಲಿ ಒಂದು ಶನಿವಾರ ನಿಂತರೆ ಗೊತ್ತಾಗುತ್ತದೆ. ಅದಕ್ಕೇ ಅವರ ಫೋಟೋಗೆ ಹಾರ ಹಾಕಬೇಕು ಅಂತ ನನಗನ್ನಿಸುವುದಿಲ್ಲ. ಅವರ ಮನಸ್ಸಿನಲ್ಲಿ ನಾವು ಮುಖ್ಯವಾಗಿ ಇರಲಿಲ್ಲ. ಒಂದು ದೇಶಕ್ಕೆ ವರ್ಷಕ್ಕೆ 20,000 ಎಂಬ ಮಿತಿಯೂ ಆ ಕಾಯಿದೆಯದ್ದೇ. ಮುಂದೆ ನೀವು ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಶಾಪ ಹಾಕುವ, ಒಂದು ದೇಶದವರಿಗೆ ಶೇಕಡ 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿ ಅದರ ಮುಂದಿನ ತಲೆಮಾರು.

ಸೆಲ್ಲರ್ ಸೋತದ್ದು ಹೇಗೆ ಅನ್ನುವುದು ನಿಮ್ಮ ಪ್ರಶ್ನೆಗೆ ಹತ್ತಿರ. 1972ರ ಹೊತ್ತಿಗೆ ಅವರಿಗೆ 84 ವಯಸ್ಸು. ಮಹಿಳೆಯರ ಸಮಾನ ಹಕ್ಕಿನ ತಿದ್ದುಪಡಿಯನ್ನು ವರ್ಷಾನುಗಟ್ಟಲೆ ತಾವು ಅಧ್ಯಕ್ಷರಾಗಿದ್ದ ಸದನ ಸಮಿತಿಯಲ್ಲೇ ಅದುಮಿಟ್ಟಿದ್ದರು. ಕ್ಷೇತ್ರದಲ್ಲಿ ಜನ ಹೋಗಿ ಕಷ್ಟ ಹೇಳಿಕೊಳ್ಳಲು ಒಂದು ಆಫೀಸೂ ಇರಲಿಲ್ಲ. ಎಲಿಜಬೆತ್ ಹಾಲ್ಟ್ಸ್‌ಮನ್ ಎಂಬ 30ರ ವಕೀಲೆ ಇದನ್ನೇ ಹಿಡಿದುಕೊಂಡು ಬೀದಿಬೀದಿ ಸುತ್ತಿದರು. ಸೆಲ್ಲರ್ ಆಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲಿ ಸುಮಾರು 600 ಮತಗಳಿಂದ ಸೋತರು.

ಈಗ ಕ್ಷೇತ್ರದಲ್ಲಿ ಆಫೀಸು ಇಡದ ಕಾಂಗ್ರೆಸ್‌ಮನ್ ಸಿಗುವುದು ಕಷ್ಟ. ಅಲ್ಲಿ ವಲಸೆ ಅರ್ಜಿಗಳನ್ನೇ ನೋಡಿಕೊಳ್ಳುವವರು ಇರುತ್ತಾರೆ. ಸೀಟು ಹಂಚುವುದು ಜನಗಣತಿಯ ಮೇಲೆ. ಅದರಲ್ಲಿ ವೋಟರುಗಳನ್ನಷ್ಟೇ ಅಲ್ಲ, ವಾಸ ಇರುವ ಎಲ್ಲರನ್ನೂ ಎಣಿಸುತ್ತಾರೆ. ನಿಮ್ಮ ತಲೆಯೂ ಲೆಕ್ಕದಲ್ಲಿದೆ, ಸಂಕೋಚ ಯಾಕೆ?

ನಮ್ಮ ಕಡೆಯ ಆಫೀಸು ಒಂದು ಲಾಂಡ್ರಿಯ ಮೇಲಿದೆ. ಕಡಿದಾದ ಮೆಟ್ಟಿಲು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಕಿಟಕಿ ಪಕ್ಕ ಫಾರಂಗಳ ಟ್ರೇ. ಕೂತ ಹುಡುಗಿ ಮೊದಲು ಕೇಳುವುದು ವಿಳಾಸ, ಆಮೇಲೆ ರಸೀದಿ ನಂಬರು. ಮೂರು ಅಕ್ಷರ, ಹತ್ತು ಅಂಕಿ ಇರುವ ನಂಬರು. ನಿಮ್ಮ ಪರವಾಗಿ ವಿಚಾರಿಸಲು ಒಪ್ಪಿಗೆ ಫಾರಂಗೆ ಸಹಿ ಬೇಕು, ಅದಿಲ್ಲದೆ ವಲಸೆ ಇಲಾಖೆ ಅವರಿಗೆ ಏನೂ ಹೇಳುವುದಿಲ್ಲ. ಅರ್ಜಿ ಮಂಜೂರು ಮಾಡಿಸುವ ಅಧಿಕಾರ ಅವರಿಗಿಲ್ಲ, ವಿಚಾರಿಸಬಹುದು ಅಷ್ಟೇ. ಆದರೆ ಎಲ್ಲೋ ಸಿಕ್ಕಿಹಾಕಿಕೊಂಡ ಫೈಲು ಒಂದೊಂದು ಸಲ ಅಷ್ಟಕ್ಕೇ ಅಲುಗಾಡುತ್ತದೆ. ಮೊದಲು ಇಲಾಖೆಯ ವೆಬ್‌ಸೈಟಿನಲ್ಲಿ ನಿಮ್ಮ ಅರ್ಜಿಗೆ ಮಾಮೂಲಿ ಎಷ್ಟು ಸಮಯ ಅಂತ ನೋಡಿ. ಅದು ದಾಟಿಲ್ಲದಿದ್ದರೆ "ಕಾಯಿರಿ" ಅಂತಲೇ ಉತ್ತರ ಬರುತ್ತದೆ. ದಾಟಿದ್ದರೆ ವಾಷಿಂಗ್ಟನ್ನಿಗೆ ಫೋನ್ ಮಾಡಬೇಡಿ, ಊರಿನ ಆಫೀಸಿಗೇ ಮಾಡಿ. ಕೆಲಸಕ್ಕೆ ಸೇರುವ ತಾರೀಕು ಇರುವ ಆಫರ್ ಲೆಟರಿನ ಪ್ರತಿಯೂ ಜೊತೆಗಿರಲಿ.