ಟ್ಯೂಬಿನ ತೂತು ಎಲ್ಲಿದೆ, ಮೊದಲು ಅದನ್ನು ನೋಡಿ

ಪ್ರಶ್ನೆ: ನನ್ನದು ಹಳೆಯ 100 ಸಿಸಿ ಬೈಕ್. ಕಡ್ಡಿ ಚಕ್ರ, ಹಿಂದಿನ ಟೈರ್ 2.75-18. ದಿನಾ ಬೆಳಗ್ಗೆ ಎರಡು ಕ್ಯಾನ್ ಹಾಲು ಕಟ್ಟಿಕೊಂಡು ಡೇರಿಗೆ ಹೋಗುತ್ತೇನೆ. ಎರಡು ತಿಂಗಳಲ್ಲಿ ಹಿಂದಿನ ಚಕ್ರ ಐದು ಸಲ ಪಂಚರ್ ಆಗಿದೆ. ಹೊಸ ಟ್ಯೂಬ್ ಹಾಕಿಸಿದ ಮೂರನೇ ದಿನಕ್ಕೇ ಗಾಳಿ ಹೋಯಿತು. ಪಂಚರ್ ಅಂಗಡಿಯವರು ಟೈರನ್ನೇ ಬದಲಿಸಿ ಅನ್ನುತ್ತಾರೆ. ನೋಡಿದರೆ ಗ್ರಿಪ್ ಇನ್ನೂ ಇದೆ. ಬದಲಿಸಲೇಬೇಕಾ? ಮನೆಯಲ್ಲೇ ಮಾಡಿಕೊಳ್ಳಬಹುದಾ?
– ಹಿರಿಯೂರು ಕಡೆಯ ಓದುಗರು

ಉತ್ತರ: ಟೈರಿಗೆ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಮುಂದಿನ ಸಲ ಟ್ಯೂಬ್ ಹೊರಗೆ ತೆಗೆಯುವಾಗ, ವಾಲ್ ಇರುವ ಕಡೆ ಟೈರಿನ ಮೇಲೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಟ್ಯೂಬಿಗೆ ಗಾಳಿ ತುಂಬಿ, ತೂತು ಸಿಕ್ಕ ಮೇಲೆ ಅದನ್ನು ಟೈರಿನ ಪಕ್ಕ ಅದೇ ದಿಕ್ಕಿಗೆ ಇಟ್ಟು ನೋಡಿ. ತೂತು ಇರುವ ಜಾಗದ ನೇರಕ್ಕೆ ಟೈರಿನಲ್ಲೋ ರಿಮ್ಮಿನಲ್ಲೋ ಕಳ್ಳ ಸಿಕ್ಕೇ ಸಿಗುತ್ತಾನೆ. ಅವಸರದಲ್ಲಿ ಪ್ಯಾಚ್ ಹಾಕುವ ಎಷ್ಟೋ ಕಡೆ ಇದೊಂದನ್ನು ಬಿಟ್ಟುಬಿಡುತ್ತಾರೆ.

ತೂತು ಟ್ಯೂಬಿನ ಹೊರಮೈಯಲ್ಲಿದ್ದರೆ, ಅಂದರೆ ರಸ್ತೆಯ ಕಡೆ, ನನ್ನ ಮೊದಲ ಅನುಮಾನ ಜಾಲಿ ಮುಳ್ಳಿನ ಮೇಲೆ. ನಿಮ್ಮ ಕಡೆ ಬಳ್ಳಾರಿ ಜಾಲಿ ಎಲ್ಲಿಲ್ಲ ಹೇಳಿ? ಅದರ ಮುಳ್ಳು ಟೈರಿನೊಳಗೆ ಹೊಕ್ಕು ಮುರಿಯುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಖಾಲಿ ಇದ್ದಾಗ ಸುಮ್ಮನಿರುತ್ತದೆ, ಕ್ಯಾನಿನ ಭಾರ ಬಿದ್ದಾಗ ತುದಿ ಒಳಗೆ ಇಣುಕಿ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಟೈರಿನ ಒಳಗೆ ಹಳೆ ಬನಿಯನ್ ಬಟ್ಟೆ ಹಿಡಿದು ನಿಧಾನಕ್ಕೆ ಸುತ್ತಲೂ ಒರೆಸಿ. ಮುಳ್ಳಿದ್ದರೆ ನೂಲು ಸಿಕ್ಕಿಕೊಳ್ಳುತ್ತದೆ. ಬರಿಬೆರಳಲ್ಲಿ ಹುಡುಕಲು ಹೋಗಬೇಡಿ, ರಕ್ತ ಬರುತ್ತದೆ. ಇಕ್ಕಳದಲ್ಲಿ ಒಳಗಿನಿಂದಲೇ ಎಳೆದು ತೆಗೆಯಿರಿ.

ತೂತು ಒಳಮೈಯಲ್ಲಿದ್ದರೆ, ಅಂದರೆ ರಿಮ್ಮಿನ ಕಡೆ, ಟೈರಿನದು ತಪ್ಪೇ ಇಲ್ಲ. ರಿಮ್ಮಿನ ರಬ್ಬರ್ ಪಟ್ಟಿ ಜರುಗಿದೆ ಅಥವಾ ಹರಿದಿದೆ, ಕಡ್ಡಿಯ ತುದಿ ಚುಚ್ಚುತ್ತಿದೆ. ತುದಿಯನ್ನು ಅರದಿಂದ ಉಜ್ಜಿ, ಪಟ್ಟಿ ಬದಲಿಸಿದರೆ ಮುಗಿಯಿತು. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ಸೀಳು ಇದ್ದರೆ, ಗಾಳಿ ಕಮ್ಮಿ ಇಟ್ಟುಕೊಂಡು ಗುಂಡಿಗೆ ಇಳಿಸಿದ್ದೀರಿ ಎಂದರ್ಥ. ವಾಲ್ ಬುಡವೇ ಕಿತ್ತಿದ್ದರೂ ಕಾರಣ ಹೆಚ್ಚಾಗಿ ಗಾಳಿಯೇ. ಗಾಳಿ ಕಮ್ಮಿಯಾದಾಗ ಟೈರ್ ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಿ. ಒಬ್ಬರೇ ಹೋಗುವಾಗಿನ ಗಾಳಿ ಎರಡು ಕ್ಯಾನಿಗೆ ಸಾಲದು. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಇಬ್ಬರಿಗೆ ಎಂದು ಕೊಟ್ಟಿರುವ ಲೆಕ್ಕವನ್ನು ನೋಡಿ ಹಾಕಿಸಿ.

ಇನ್ನು ಟೈರ್. ಎರಡು ಬದಿಯ ಗೋಡೆಯಲ್ಲಿ ಬಿರುಕು, ಉಬ್ಬು, ಅಥವಾ ಒಳಗಿನ ನೂಲು ಕಾಣುತ್ತಿದೆಯಾ? ಹಾಗಿದ್ದರೆ ಗ್ರಿಪ್ ಎಷ್ಟೇ ಇರಲಿ, ಬದಲಿಸಿ. ಗ್ರಿಪ್ಪಿನ ಕಾಲುವೆಗಳ ನಡುವೆ ಸಣ್ಣ ಅಡ್ಡ ದಿಬ್ಬಗಳಿರುತ್ತವೆ. ಸವೆದು ಅವುಗಳ ಮಟ್ಟಕ್ಕೆ ಬಂದರೂ ಅಷ್ಟೇ. ಹೊಸದು ಕೊಳ್ಳುವಾಗ ಭಾರ ಹೊರುವ ಬೈಕಿಗೆ 6 ಪಿಆರ್ (ಟೈರ್ ಎಷ್ಟು ಭಾರ ತಡೆಯುತ್ತದೆ ಎಂಬುದರ ಗುರುತು) ಎಂದು ಬರೆದಿರುವುದನ್ನೇ ಕೇಳಿ. ದಪ್ಪ ಟೈರ್ ಹಾಕಿದರೆ ಗಟ್ಟಿ ಅಂತ 100/90 ಸೈಜಿಗೆ ಹೋಗಬೇಡಿ. ನಿಮ್ಮ ರಿಮ್ ಅದಕ್ಕೆ ಸಣ್ಣದು, ಚೈನ್ ಕೇಸಿಗೆ ಉಜ್ಜುವ ಸಾಧ್ಯತೆಯೂ ಇದೆ. ಮೈಲೇಜ್ ಬೇರೆ ಕುಸಿಯುತ್ತದೆ.

ಮನೆಯಲ್ಲಿ ಮಾಡಬಹುದಾ ಅಂದಿರಿ. ಧಾರಾಳವಾಗಿ. ಡಬಲ್ ಸ್ಟ್ಯಾಂಡ್ ಹಾಕಿ, ಅದರಡಿ ಒಂದು ಹಲಗೆ ಕೊಡಿ. ಬ್ರೇಕ್ ರಾಡಿನ ನಟ್ ಬಿಚ್ಚಿ, ಬ್ರೇಕ್ ಡ್ರಮ್ಮಿನ ಮುಚ್ಚಳವನ್ನು ಹಿಡಿದಿರುವ ಪಟ್ಟಿಯ ಬೋಲ್ಟ್ ತೆಗೆಯಿರಿ. ಆಮೇಲೆ ಆ್ಯಕ್ಸಲ್ ಎಳೆಯಿರಿ. ಇಂಥ ಬಹಳಷ್ಟು ಬೈಕುಗಳಲ್ಲಿ ಚೈನ್ ಬಿಚ್ಚಬೇಕಿಲ್ಲ, ಹಲ್ಲಿನ ಚಕ್ರ ಅಲ್ಲೇ ಉಳಿದು ವೀಲ್ ಮಾತ್ರ ಈಚೆ ಬರುತ್ತದೆ. ಯಾವ ಬುಶ್ ಯಾವ ಕಡೆ ಇತ್ತು ಅಂತ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಟೈರ್ ಬಿಚ್ಚುವುದೂ ಹಾಕುವುದೂ ಬಲದ ಕೆಲಸ ಅಲ್ಲ. ರಿಮ್ಮಿನ ನಡುವೆ ಹಳ್ಳ ಇದೆಯಲ್ವಾ, ಟೈರಿನ ಅಂಚನ್ನು ಒಂದು ಕಡೆ ಆ ಹಳ್ಳಕ್ಕೆ ತುಳಿದರೆ ಎದುರುಗಡೆ ತಾನೇ ಸಡಿಲ ಸಿಗುತ್ತದೆ. ಬಿಚ್ಚುವಾಗ ವಾಲ್ ಪಕ್ಕದಿಂದ ಶುರು ಮಾಡಿ, ಹಾಕುವಾಗ ವಾಲ್ ಪಕ್ಕದಲ್ಲೇ ಮುಗಿಸಿ. ಅಂಚಿಗೆ ಸೋಪಿನ ನೀರು ಹಚ್ಚಿ. ಟ್ಯೂಬಿಗೆ ಮೊದಲೇ ಚೂರು ಗಾಳಿ ಹಾಕಿದರೆ ಮಡಚಿಕೊಳ್ಳುವುದಿಲ್ಲ. ನಾನು ಕೆಲಸ ಕಲಿಯುವಾಗ ಲಿವರ್ ಇಲ್ಲ ಅಂತ ಸ್ಕ್ರೂಡ್ರೈವರ್ ಹಾಕಿ ಮೀಟಿ, ಒಂದೇ ಮಧ್ಯಾಹ್ನ ಎರಡು ಹೊಸ ಟ್ಯೂಬ್ ತೂತು ಮಾಡಿದ್ದೆ. ಎರಡರ ದುಡ್ಡೂ ಸಂಬಳದಲ್ಲಿ ಹೋಯಿತು! ಪ್ಯಾಚ್ ಹಾಕುವುದಾದರೆ ಟ್ಯೂಬನ್ನು ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಅದರ ಹಸಿ ಆರುವ ತನಕ ಕಾಯಿರಿ. ಹಸಿಯಲ್ಲೇ ಅಂಟಿಸಿದ್ದು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ.

ವಾಪಸ್ ಜೋಡಿಸುವಾಗ ಒಂದು ಬೋಲ್ಟ್ ಮರೆತರೆ ಮಾತ್ರ ಪ್ರಾಣಕ್ಕೇ ಬರುತ್ತದೆ. ಅದು ಬ್ರೇಕ್ ಮುಚ್ಚಳದ ಪಟ್ಟಿಯದು. ಅದು ಇಲ್ಲದೆ ಬ್ರೇಕ್ ಒತ್ತಿದರೆ ಮುಚ್ಚಳವೇ ತಿರುಗಿ ಚಕ್ರ ಹಿಡಿದುಕೊಳ್ಳಬಹುದು. ನಟ್ ಬಿಗಿಮಾಡಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಚೈನ್ ಎಳೆಯುವ ಗುರುತುಗಳು ಎರಡೂ ಬದಿ ಒಂದೇ ಗೆರೆಯಲ್ಲಿರಲಿ. ಚಕ್ರ ತಿರುಗಿಸಿ, ಬ್ರೇಕ್ ಒತ್ತಿ ನೋಡಿ, ಆಮೇಲೆ ಕ್ಯಾನ್ ಕಟ್ಟಿ.

ಪ್ರಶ್ನೆ: ರಿಯಾಯಿತಿಯಲ್ಲಿ ಒಂದು ಹೊಸ ಟೈರ್ ಸಿಗುತ್ತಿದೆ. ಬದಿಯಲ್ಲಿ 1421 ಎಂದಿದೆ. ತೆಗೆದುಕೊಳ್ಳಬಹುದಾ?
– ಮೈಸೂರಿನ ಓದುಗರು

ಉತ್ತರ: 2021ರ 14ನೇ ವಾರ, ಅಂದರೆ ಏಪ್ರಿಲ್‌ನಲ್ಲಿ ತಯಾರಾದದ್ದು. ರಬ್ಬರ್ ಅಂಗಡಿಯಲ್ಲಿ ಕೂತಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ. ಬಗ್ಗಿಸಿ ನೋಡಿ, ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ. ಬಿರುಕಿಲ್ಲದೆ, ಬೆಲೆ ನಿಜಕ್ಕೂ ಇಳಿದಿದ್ದರೆ, ದಿನಾ ಐವತ್ತು ಕಿಲೋಮೀಟರ್ ಓಡಿಸುವವರು ತೆಗೆದುಕೊಳ್ಳಲಿ, ಹಳತಾಗುವ ಮೊದಲೇ ಸವೆಸಿಬಿಡುತ್ತಾರೆ. ನೀವು ಭಾನುವಾರ ಮಾತ್ರ ಬೈಕ್ ತೆಗೆಯುವವರಾದರೆ ಈ ವರ್ಷದ್ದನ್ನೇ ಕೇಳಿ.