ಓದುಗರ ಪ್ರಶ್ನೆ: ನ್ಯೂಯಾರ್ಕಿನ ಮೊದಲ ಶಾಸಕಾಂಗ

ಪ್ರಶ್ನೆ: ಅಮೆರಿಕದ ಸ್ವಾತಂತ್ರ್ಯ ಯುದ್ಧದ ನಡುವೆ, 1777ರಲ್ಲಿ, ನ್ಯೂಯಾರ್ಕ್ ನಗರ ಬ್ರಿಟಿಷರ ವಶದಲ್ಲಿತ್ತಲ್ಲ? ಆದರೂ ಆ ರಾಜ್ಯದ ಮೊದಲ ಅಸೆಂಬ್ಲಿಯ (ಶಾಸಕಾಂಗದ ಕೆಳಮನೆ) ಪಟ್ಟಿಯಲ್ಲಿ ನಗರಕ್ಕೆ 9 ಸದಸ್ಯರು ಕಾಣುತ್ತಾರೆ. ಅವರಿಗೆ ಮತ ಹಾಕಿದವರು ಯಾರು?

ಉತ್ತರ: ಯಾರೂ ಇಲ್ಲ. ಆ ಏಪ್ರಿಲ್ 20ರಂದು ಕಿಂಗ್‌ಸ್ಟನ್ ಊರಿನಲ್ಲಿ ಅಂಗೀಕಾರವಾದ ರಾಜ್ಯ ಸಂವಿಧಾನ ಅಸೆಂಬ್ಲಿಗೆ 70, ಮೇಲ್ಮನೆಯಾದ ಸೆನೆಟ್‌ಗೆ 24 ಸ್ಥಾನ ಇಟ್ಟಿತ್ತು. ಅಸೆಂಬ್ಲಿ ಸ್ಥಾನಗಳನ್ನು ಕೌಂಟಿವಾರು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) ಹಂಚಲಾಗಿತ್ತು: ಆಲ್ಬನಿಗೆ 10, ನ್ಯೂಯಾರ್ಕಿಗೆ 9, ಡಚೆಸ್‌ಗೆ 7, ಹೀಗೆ. ನ್ಯೂಯಾರ್ಕ್, ಸಫೊಕ್ (5), ಕ್ವೀನ್ಸ್ (4), ಕಿಂಗ್ಸ್ (2), ರಿಚ್ಮಂಡ್ (2) ಶತ್ರುವಿನ ಹಿಡಿತದಲ್ಲಿದ್ದವು. ಕೂಡಿಸಿ ನೋಡಿ, 22 ಸ್ಥಾನ. ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು. ಚುನಾವಣೆ ನಡೆಸುವಂತಿರಲಿಲ್ಲ, ಖಾಲಿ ಬಿಡಲೂ ಮನಸ್ಸಿರಲಿಲ್ಲ. ಸಂವಿಧಾನ ಬರೆದ ಪ್ರತಿನಿಧಿ ಸಭೆಯೇ ಈ ಸ್ಥಾನಗಳಿಗೂ ಈ ಕೌಂಟಿಗಳು ಸೇರಿದ್ದ ದಕ್ಷಿಣ ಸೆನೆಟ್ ಕ್ಷೇತ್ರದ 9 ಸ್ಥಾನಗಳಿಗೂ ಹೆಸರು ಬರೆದು ನೇಮಿಸಿತು. ಹಾಗಾಗಿ ಆ ಪಟ್ಟಿಯ ಎಲ್ಲರನ್ನೂ ‘ಚುನಾಯಿತರು’ ಎನ್ನುವ ಬರಹಗಳನ್ನು ಪೂರ್ತಿ ನಂಬಬೇಡಿ.

ಶಾಸಕಾಂಗಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ. ಕಿಂಗ್‌ಸ್ಟನ್‌ನ ಒಂದು ಕಲ್ಲಿನ ಮನೆಯಲ್ಲಿ ಸೆನೆಟ್ ಕೂತರೆ, ಅಸೆಂಬ್ಲಿ ಕೂತದ್ದು ಪಾನಗೃಹದಲ್ಲಿ. ಸೆಪ್ಟೆಂಬರ್‌ನಲ್ಲಿ ಸೇರಿದವರು ಬ್ರಿಟಿಷ್ ಪಡೆ ಹಡ್ಸನ್ ನದಿಗುಂಟ ಮೇಲೆ ಬರುತ್ತಿದ್ದಂತೆ ಅಕ್ಟೋಬರ್ ಮೊದಲಲ್ಲೇ ಎದ್ದರು. 16ರಂದು ಊರಿಗೆ ಬೆಂಕಿ ಬಿತ್ತು.

ಪ್ರಶ್ನೆ: ಸೆನೆಟ್‌ಗೆ ಅಧ್ಯಕ್ಷರು ಯಾರು? ಗವರ್ನರೇ?

ಉತ್ತರ: ಅಲ್ಲ, ಲೆಫ್ಟಿನೆಂಟ್ ಗವರ್ನರ್, ಅಂದರೆ ಉಪ ಗವರ್ನರ್. ಮತಗಳು ಸಮಸಮ ಬಿದ್ದಾಗ ಮಾತ್ರ ಅವರಿಗೆ ನಿರ್ಣಾಯಕ ಮತ. ಬೇರೆ ಸಂದರ್ಭದಲ್ಲಿ ಮತವೇ ಇಲ್ಲ. ಮೊದಲ ವರ್ಷವೇ ಒಂದು ತೊಡಕಾಯಿತು. ಜಾರ್ಜ್ ಕ್ಲಿಂಟನ್ ಎರಡೂ ಹುದ್ದೆಗೆ ಗೆದ್ದುಬಿಟ್ಟರು! ಅವರು ಗವರ್ನರ್ ಆಗಲು ಒಪ್ಪಿದ್ದರಿಂದ ಇನ್ನೊಂದು ಕುರ್ಚಿ ಖಾಲಿಯಾಗಿ, ಸೆನೆಟರುಗಳು ತಮ್ಮೊಳಗಿನ ಪಿಯರ್ ವ್ಯಾನ್ ಕಾರ್ಟ್‌ಲ್ಯಾಂಡ್ ಅವರನ್ನು ಅಧ್ಯಕ್ಷತೆಗೆ ಆರಿಸಿಕೊಂಡರು. ಅಸೆಂಬ್ಲಿಯ ಸ್ಪೀಕರ್ ವಾಲ್ಟರ್ ಲಿವಿಂಗ್‌ಸ್ಟನ್.

ಪ್ರಶ್ನೆ: ಸೆನೆಟರ್ ಅವಧಿ 4 ವರ್ಷ ಎಂದು ಓದಿದ್ದೇನೆ. ಆದರೆ ಮೊದಲ ಪಟ್ಟಿಯ ಕೆಲವರು ಒಂದೇ ವರ್ಷಕ್ಕೆ ಮಾಯ. ರಾಜೀನಾಮೆಯೇ?

ಉತ್ತರ: ಇಲ್ಲ, ಚೀಟಿ ಎತ್ತಿದ್ದು. 24 ಜನರನ್ನು ಆರಾರರ ನಾಲ್ಕು ತಂಡ ಮಾಡಿ, ಮೊದಲ ತಂಡಕ್ಕೆ 1 ವರ್ಷ, ಮುಂದಿನವಕ್ಕೆ 2, 3, 4 ಎಂದು ಇಟ್ಟರು. ಆಮೇಲೆ ಪ್ರತಿ ವರ್ಷ 6 ಸ್ಥಾನ ತೆರವಾಗಿ, ಗೆದ್ದವರಿಗೆ ಪೂರ್ತಿ 4 ವರ್ಷ. ಅಸೆಂಬ್ಲಿಗಾದರೋ ವರ್ಷಕ್ಕೊಂದು ಚುನಾವಣೆ. ಪಟ್ಟಿ ಹೊಂದಿಸುವಾಗ ಕ್ಯಾಲೆಂಡರ್ ವರ್ಷ ನೋಡಿದರೆ ತಪ್ಪುತ್ತೀರಿ, ಏಕೆಂದರೆ ಅವರ ಲೆಕ್ಕ ಜುಲೈ 1ರಿಂದ ಜೂನ್ 30. ಹಾಗಾಗಿ 1778ರ ಜನವರಿಯಲ್ಲಿ ಪಕೀಪ್ಸಿಯಲ್ಲಿ ಮತ್ತೆ ಸೇರಿದ್ದೂ ಕಿಂಗ್‌ಸ್ಟನ್‌ನಿಂದ ಎದ್ದು ಹೋದ ಅದೇ ಮೊದಲ ಶಾಸಕಾಂಗ.