ರಾಯ್ ಫ್ರಾನ್ಸಿಸ್ ಹೆಚ್ಚುಗಾರಿಕೆ ಏನು?

ಪ್ರಿಯ ಮೇಷ್ಟ್ರೇ,

ಕಳೆದ ಸಂಚಿಕೆಯಲ್ಲಿ ರಾಯ್ ಫ್ರಾನ್ಸಿಸ್ ಅವರನ್ನು ಬ್ರಿಟನ್ನಿನ ವೃತ್ತಿಪರ ಕ್ರೀಡೆಯ ಮೊದಲ ಕಪ್ಪುವರ್ಣೀಯ ಕೋಚ್ ಎಂದು ಬರೆದಿದ್ದೆವು. "ಮೊದಲಿಗ ಅನ್ನೋದು ಬಿಟ್ಟರೆ ಅವರ ಹೆಚ್ಚುಗಾರಿಕೆ ಏನು? ಕಬಡ್ಡಿ ಶಿಬಿರಗಳಲ್ಲಿ ನೋಡಿದ್ದೇನೆ, ದೊಡ್ಡ ಆಟಗಾರರಿಗೆ ಕಲಿಸೋದು ಬರಲ್ಲ" ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಮೊದಲು ಅವರ ಆಟವಾದ ರಗ್ಬಿ ಲೀಗ್ ಬಗ್ಗೆ ಎರಡು ಮಾತು. ರಗ್ಬಿಯಲ್ಲಿ ಎರಡು ಬಗೆ, ಯೂನಿಯನ್ ಮತ್ತು ಲೀಗ್. ಕೂಲಿ ಬಿಟ್ಟು ಆಡಲು ಬರುವ ಗಣಿ, ಗಿರಣಿ ಕಾರ್ಮಿಕರಿಗೆ ಆ ದಿನದ ಸಂಬಳ ಕಟ್ಟಿಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಬೇರೆಯಾದವು. ಅದೇ ಮುಂದೆ ಲೀಗ್ ಆಯಿತು. ತಂಡಕ್ಕೆ 13 ಜನ. ದುಡ್ಡು ಸಿಗುತ್ತಿತ್ತು, ಹಾಗಾಗಿ ವೇಲ್ಸ್‌ನ ಬಡ ಹುಡುಗರು ಉತ್ತರದ ರೈಲು ಹತ್ತುತ್ತಿದ್ದರು.

ಫ್ರಾನ್ಸಿಸ್ ಅಂಥವರಲ್ಲಿ ಒಬ್ಬರು. 1919ರಲ್ಲಿ ಕಾರ್ಡಿಫ್‌ನಲ್ಲಿ ಹುಟ್ಟಿ, ದತ್ತು ಹೋಗಿ, ಬ್ರಿನ್‌ಮೌರ್ ಎಂಬ ಊರಲ್ಲಿ ಬೆಳೆದರು. ಹದಿನೇಳರ ಹರೆಯದಲ್ಲೇ ವಿಗನ್ ಕ್ಲಬ್ ಸೇರಿದರು. ಅಲ್ಲಿಂದ ಬ್ಯಾರೋ, ಆಮೇಲೆ ವಾರಿಂಗ್ಟನ್, ಹಲ್. ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಅವರು. ಯುದ್ಧದ ವರ್ಷಗಳಲ್ಲಿ ಸೈನ್ಯದಲ್ಲಿದ್ದು ಸೈನಿಕರಿಗೆ ಕಸರತ್ತು ಕಲಿಸಿದರು. ಅವರೊಳಗಿನ ಮೇಷ್ಟ್ರು ತಯಾರಾಗಿದ್ದು ಅಲ್ಲೇ ಅನ್ನಿಸುತ್ತೆ ನನಗೆ.

1946ರಲ್ಲಿ ಬ್ರಿಟನ್ ತಂಡ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೊರಟಾಗ ಅವರನ್ನು ಕೈಬಿಟ್ಟರು. ಆಟದಲ್ಲಿ ಕಡಿಮೆಯಾಗಿದ್ದಕ್ಕಲ್ಲ. ಆಸ್ಟ್ರೇಲಿಯಾದಲ್ಲಿದ್ದ ವರ್ಣಭೇದಕ್ಕೆ ಹೆದರಿ ಬಿಟ್ಟರು ಎನ್ನುತ್ತಾರೆ ಈ ಆಟದ ಚರಿತ್ರೆ ಬರೆದವರು. ಮರುವರ್ಷ ಬ್ರ್ಯಾಡ್‌ಫರ್ಡ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಬ್ರಿಟನ್ ಪರ ಆಡಿದ ಮೊದಲ ಕಪ್ಪುವರ್ಣೀಯ ಆದರು. ಎರಡು ಟ್ರೈ ಹೊಡೆದರು, ಅಂದರೆ ಎರಡು ಸಲ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ತಾಗಿಸಿ ಅಂಕ ಗಳಿಸಿದರು. ಆದರೂ ಬ್ರಿಟನ್ ತಂಡದ ಅಂಗಿ ಮತ್ತೆ ಸಿಗಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. 1950ರ ದಶಕದಲ್ಲಿ ಹಲ್‌ನ ಕೋಚ್ ಆದಾಗ ಫ್ರಾನ್ಸಿಸ್ ಮಾಡಿದ ಕೆಲಸ ಆ ಕಾಲಕ್ಕೆ ಹೊಸದು. ಆಗಿನ ಅಭ್ಯಾಸ ಅಂದರೆ ಮೈದಾನಕ್ಕೆ ನಾಲ್ಕು ಸುತ್ತು ಓಟ, ಒಂದಿಷ್ಟು ಬೈಗುಳ, ಅಷ್ಟೇ. ಇವರು ಪಂದ್ಯಗಳನ್ನು ಫಿಲ್ಮಿನಲ್ಲಿ ತೆಗೆಸಿ ಆಟಗಾರರಿಗೆ ತೋರಿಸಿದರು. ಎಲ್ಲಿ ತಪ್ಪಿದೆ ಅಂತ ಹುಡುಗ ತನ್ನ ಕಣ್ಣಾರೆ ನೋಡಬೇಕು. ದೇಹ ಗಟ್ಟಿ ಮಾಡುವ ಕಸರತ್ತಿನ ಜೊತೆಗೆ ಮನಸ್ಸನ್ನೂ ತಯಾರು ಮಾಡಿದರು. ಆಟಗಾರರ ಹೆಂಡತಿ ಮಕ್ಕಳೂ ಪಂದ್ಯಕ್ಕೆ ಬರಲಿ ಎಂದು ಬಸ್ಸಿನ ವ್ಯವಸ್ಥೆ ಮಾಡಿಸಿದರು. ಮನೆ ನೆಮ್ಮದಿಯಾಗಿದ್ದರೆ ಹುಡುಗನೂ ನೆಮ್ಮದಿಯಾಗಿ ಆಡುತ್ತಾನೆ, ಅಲ್ವಾ?

ಫಲ ಬೇಗ ಸಿಕ್ಕಿತು. 1956ರ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಹ್ಯಾಲಿಫ್ಯಾಕ್ಸ್ ವಿರುದ್ಧ ಹಲ್ 10-9ರಿಂದ ಗೆದ್ದಿತು. 1958ರಲ್ಲಿ ಮತ್ತೊಮ್ಮೆ. 1959, 1960ರಲ್ಲಿ ಚಾಲೆಂಜ್ ಕಪ್ ಎಂಬ ಇನ್ನೊಂದು ಟೂರ್ನಿಯಲ್ಲಿ, ಲಂಡನ್ನಿನ ವೆಂಬ್ಲಿ ಮೈದಾನದ ಫೈನಲ್ ತನಕ ಹೋಗಿ ಎರಡೂ ಸಲ ಸೋತರು.

ಅವರ ಕಾಲದಲ್ಲೇ, 1961ರಲ್ಲಿ, ಕಾರ್ಡಿಫ್‌ನ ಕ್ಲೈವ್ ಸಲಿವನ್ ಎಂಬ ಸೈನಿಕ ಹುಡುಗ ಹಲ್‌ಗೆ ಬಂದ. ಪರೀಕ್ಷಾರ್ಥ ಪಂದ್ಯದಲ್ಲಿ ಹೆಸರು ಮುಚ್ಚಿಟ್ಟು 'ಮಿಸ್ಟರ್ ಎಕ್ಸ್' ಎಂದು ಆಡಿಸಿದರು. ಮೂರು ಟ್ರೈ ಹೊಡೆದ, ಮರುದಿನವೇ ಕರಾರಿಗೆ ಸಹಿ ಬಿತ್ತು. ಚಿಕ್ಕಂದಿನಲ್ಲಿ ಕಾಲಿಗೆ ಆಪರೇಷನ್ ಮೇಲೆ ಆಪರೇಷನ್ ಆಗಿದ್ದ ಹುಡುಗ ಅವನು. 1972ರಲ್ಲಿ ಬ್ರಿಟನ್ ವಿಶ್ವಕಪ್ ಗೆದ್ದಾಗ ನಾಯಕ ಅವನೇ.

1963ರಲ್ಲಿ ಫ್ರಾನ್ಸಿಸ್ ಲೀಡ್ಸ್‌ಗೆ ಹೋದರು. 1968ರ ಕಪ್ ಫೈನಲ್ ದಿನ ಭಾರೀ ಮಳೆ, ವೆಂಬ್ಲಿ ತುಂಬ ನೀರು. ಕೊನೇ ಗಳಿಗೆಯಲ್ಲಿ ಎದುರಾಳಿ ವೇಕ್‌ಫೀಲ್ಡ್ ಟ್ರೈ ಹೊಡೆದು 11-10ಕ್ಕೆ ಬಂತು. ಟ್ರೈ ಆದ ಮೇಲೆ ಸಿಗುವ, ಗೋಲು ಕಂಬಗಳ ಎದುರಿಗೇ ಇದ್ದ ಸುಲಭದ ಕಿಕ್ ಒಂದು ಬಾಕಿ, ಕಂಬಗಳ ನಡುವೆ ಹೋದರೆ ಎರಡು ಅಂಕ. ಡಾನ್ ಫಾಕ್ಸ್ ಒದ್ದ ಚೆಂಡು ಪಕ್ಕಕ್ಕೆ ಹೋಯಿತು, ಲೀಡ್ಸ್ ಗೆದ್ದಿತು. ಇದರಲ್ಲಿ ಅದೃಷ್ಟದ ಪಾಲೂ ಇತ್ತು, ಒಪ್ಪುತ್ತೇನೆ. ಆದರೆ ಫೈನಲ್ ತನಕ ಬರೀ ಅದೃಷ್ಟ ಕರೆದುಕೊಂಡು ಬರಲ್ಲ.

ಆಮೇಲೆ ಅವರು ಹೋಗಿದ್ದು ಎಲ್ಲಿಗೆ ಗೊತ್ತಾ? ಆಟಗಾರನಾಗಿ ಕಾಲಿಡಲಾಗದ ಅದೇ ಆಸ್ಟ್ರೇಲಿಯಾಕ್ಕೆ, ನಾರ್ತ್ ಸಿಡ್ನಿ ಕ್ಲಬ್ಬಿನ ಕೋಚ್ ಆಗಿ. ಅಲ್ಲಿ ಅವರಿಗೆ ಸುಖವಿರಲಿಲ್ಲ. ವರ್ಣದ್ವೇಷ ಕಾಡಿತು, ಹೆಚ್ಚು ದಿನ ಉಳಿಯಲಿಲ್ಲ. ವಾಪಸ್ ಬಂದು ಹಲ್, ಲೀಡ್ಸ್, ಬ್ರ್ಯಾಡ್‌ಫರ್ಡ್ ತಂಡಗಳನ್ನು ನೋಡಿಕೊಂಡರು. 1975ರಲ್ಲಿ ಲೀಡ್ಸ್‌ಗೆ ಪ್ರೀಮಿಯರ್‌ಶಿಪ್ ಎಂಬ ಟೂರ್ನಿ ಗೆದ್ದುಕೊಟ್ಟರು. 1989ರಲ್ಲಿ ತೀರಿಕೊಂಡರು. ಬ್ರಿನ್‌ಮೌರ್‌ನಲ್ಲಿ ಅವರ ಪ್ರತಿಮೆ ನಿಂತಿದ್ದು 2023ರಲ್ಲಿ. ಬಹಳ ತಡ ಮಾಡಿದರು.

ಹಾಗಾಗಿ ಮೇಷ್ಟ್ರೇ, ಅವರು ಒಳ್ಳೆಯ ಕೋಚ್ ಆಗಿದ್ದು ಒಳ್ಳೆಯ ಆಟಗಾರ ಆಗಿದ್ದಕ್ಕಲ್ಲ. ನಿಮ್ಮ ಮಾತು ಅಷ್ಟರ ಮಟ್ಟಿಗೆ ಸರಿ. ತಂಡದಲ್ಲಿರುವವನು ಬರೀ ಕಾಲು ಕೈ ಅಲ್ಲ, ಅವನಿಗೂ ಮನೆಯಿದೆ, ಭಯವಿದೆ ಎಂದು ನೋಡಿದ್ದಕ್ಕೆ ಆದರು. ನಿಮ್ಮ ಶಿಬಿರಗಳಲ್ಲೂ ಹಾಗೆ ಕಲಿಸಿದ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಬಗ್ಗೆ ಎರಡು ಪುಟ ಬರೆದು ಕಳಿಸಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ